ಮಣ್ಣಿಗೆ ಬರುವ ಮಂತ್ರಿ

ನೈಲ್ ದಂಡೆಯ ನಮ್ಮ ಬುಸೋಗ ಸೀಮೆಯಲ್ಲಿ ಯಾರೇ ಸತ್ತರೂ ಬಲಿಗೇಯಾ ಸಾಹೇಬರು ಮಣ್ಣಿಗೆ ಬರುವುದನ್ನು ತಪ್ಪಿಸಿದವರಲ್ಲ. ನಾವು ಬದುಕಿದ್ದಾಗ ಕೈಗೆ ಸಿಗದ ಅವರು, ನಾವು ಸತ್ತರೆ ಸಾಕು, ಹದ್ದಿಗಿಂತ ಮೊದಲು ಹಾಜರು. ಮೇಷ್ಟರಾಗಿದ್ದವರು ಎಂಪಿಯಾದರು, ಮಂತ್ರಿಯಾದರು, ನಾಲ್ಕು ಪಕ್ಷ ಬದಲಿಸಿದರು. ಗುಂಡಿಯ ಪಕ್ಕ ನಿಂತು ಮಾಡುವ ಭಾಷಣವನ್ನು ಮಾತ್ರ ಮೂವತ್ತು ವರ್ಷದಿಂದ ಬದಲಿಸಿಲ್ಲ. ಕೋಟು ಕಳಚಿ ಯಾರದೋ ಕೈಗೆ ಕೊಟ್ಟು, ಗುದ್ದಲಿ ಹಿಡಿದು ಮೊದಲ ಮಣ್ಣು ತಾವೇ ಎಳೆಯುತ್ತಾರೆ. ಅಳುವುದಕ್ಕೆ ನಿಂತರೆ ಸತ್ತವರ ತಾಯಿಗಿಂತ ಒಂದು ದನಿ ಮೇಲೆ. ಶವಪೆಟ್ಟಿಗೆಯೂ ಅವರದೇ ಕಾಣಿಕೆ, ಮುಚ್ಚಳದ ಮೇಲೆ ನಗುವ ಫೋಟೊವೂ ಅವರದೇ. ಮುದುಕಿ ಕಗೋಯಾ ತನ್ನ ಬಾಳೆತೋಟದಲ್ಲಿ ಸೊಸೆಯನ್ನು ಹೂಳುವ ದಿನವೂ ಬಂದರು. ಅವಳ ಕೈ ಹಿಡಿದು, "ಅಳಬೇಡಮ್ಮಾ, ನಾನೂ ನಿನ್ನ ಮಗನೇ ಅಲ್ವಾ?" ಎಂದರು. ಕಗೋಯಾಳ ಕಣ್ಣು ಪೆಟ್ಟಿಗೆ ಇಳಿಸಿದ ವ್ಯಾನಿನ ಮೇಲಿತ್ತು. ಕಳೆದ ಚುನಾವಣೆಯಲ್ಲಿ ಸಾಹೇಬರೇ ರಿಬ್ಬನ್ ಕತ್ತರಿಸಿ ಆಸ್ಪತ್ರೆಗೆ ಕೊಟ್ಟಿದ್ದ ಆಂಬ್ಯುಲೆನ್ಸ್ ಅದು. ಸೊಸೆ ಹೆರಿಗೆ ನೋವಿನಲ್ಲಿ ಎರಡು ದಿನ ಒದ್ದಾಡುವಾಗ, ಪೆಟ್ರೋಲ್ ಇಲ್ಲ ಎಂದು ಬಾರದೆ ಉಳಿದದ್ದೂ ಅದೇ. ಮುದುಕಿ ಕೈ ಕೊಸರಿಕೊಂಡಳು. "ಈಗ ಎಲ್ಲಿಂದ ಬಂತೋ ಪೆಟ್ರೋಲು, ಮಗನೇ?"