ಗುಡ್ಡದ ಮನೆಯ ಕಾವಲು ಬೆಂಕಿ

ಮದುವೆಯಾದ ಮೇಲೆ ಮೊದಲ ನಾಲ್ಕು ವರ್ಷ ನಾವು ಇಚಲಕರಂಜಿಯಲ್ಲಿದ್ದೆವು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಯಜಮಾನರು ಅಲ್ಲಿ ಪವರ್‌ಲೂಮ್ ನಡೆಸುತ್ತಿದ್ದರು. ಓಣಿಯ ತುಂಬ ಮಗ್ಗಗಳಿದ್ದುದರಿಂದ ಒಂದು ಅನುಕೂಲವಿತ್ತು. ಗಂಡ ಹೆಂಡತಿ ಎಷ್ಟು ಜಗಳಾಡಿದರೂ ನೆರೆಯವರಿಗೆ ಕೇಳುತ್ತಿರಲಿಲ್ಲ. ಆದರೆ ಯಜಮಾನರ ಕೆಮ್ಮು ಮಗ್ಗದ ಸದ್ದನ್ನೂ ಮೀರಿ ಕೇಳತೊಡಗಿತು. ಆಗ ಕೊಲ್ಹಾಪುರದ ಡಾಕ್ಟರರ ಹತ್ತಿರ ಹೋದೆವು.

ಡಾಕ್ಟರರು ಎದೆಗೆ ನಳಿಗೆ ಹಚ್ಚಿ ನೋಡಿ, ಹತ್ತಿಯ ಧೂಳು ಒಳಗೆ ಮನೆ ಮಾಡಿದೆ, ಒಂದೆರಡು ವರ್ಷ ಗುಡ್ಡದ ಹವೆಯಲ್ಲಿ ಇರಿ ಎಂದು ಮರಾಠಿಯಲ್ಲಿ ಹೇಳಿದರು. ನೇಕಾರರೆಲ್ಲ ಕಿಸೆಯಲ್ಲಿ ಒಂದೊಂದು ಗುಡ್ಡ ಇಟ್ಟುಕೊಂಡು ತಿರುಗುತ್ತಾರೆ ಎನ್ನುವ ಧಾಟಿಯಲ್ಲಿ ಹೇಳಿದರು. ನಮ್ಮ ದೈವಕ್ಕೆ ನಮಗೆ ಒಂದು ಗುಡ್ಡ ಇತ್ತು. ಯಜಮಾನರ ಕಾಕಾ ಒಬ್ಬರು ಗಡಹಿಂಗ್ಲಜದ ಆಚೆ ಗುಡ್ಡದ ಮೇಲೆ ನಾಡಹೆಂಚಿನ ಮನೆ, ನಾಚಣಿ ಎಂದರೆ ರಾಗಿ ಬೆಳೆಯುವ ಒಂದು ತುಂಡು ಹೊಲ ಇಟ್ಟುಕೊಂಡಿದ್ದರು. ನಾವು ಕೇಳುವ ಮೊದಲೇ ಅವರು ಕೀಲಿಕೈ ತಂದು ಕೊಟ್ಟು, ತಾವು ಗಂಟು ಕಟ್ಟಿಕೊಂಡು ಇಳಿದು, ಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಚಹಾದ ಅಂಗಡಿ ಹಾಕಿಬಿಟ್ಟರು.

“ಗುಡ್ಡದ ಹವಾ ಅಂದ್ರ ಅಮೃತ,” ಎಂದರು. “ನಾನೂ ಅಲ್ಲೇ ಇರ್ತಿದ್ದೆ. ಏನ್ ಮಾಡೂದು, ನನಗ ನಾಕು ಮಂದಿ ಮಾತಿಗೆ ಬೇಕು.”

ಕಾಕಾನ ಔದಾರ್ಯಕ್ಕೆ ನನ್ನ ಕಣ್ಣು ತುಂಬಿ ಬಂದಿತ್ತು. ಆರು ತಿಂಗಳಾದ ಮೇಲೆ ಮತ್ತೆ ತುಂಬಿ ಬಂತು, ಹೊಗೆಗೆ.

ನಾವು ಹೋದಾಗ ಮಳೆಗಾಲ ಮುಗಿದಿತ್ತು. ಗುಡ್ಡವೆಲ್ಲ ಎದೆಮಟ್ಟದ ಹಸಿರು ಹುಲ್ಲು. ಯಜಮಾನರು ಅಂಗಳದಲ್ಲಿ ನಿಂತು ಎದೆ ಉಬ್ಬಿಸಿ ಉಸಿರೆಳೆದು, ನೋಡು ಹವಾ ಅಂದ್ರ ಇದು ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ದೀಪಾವಳಿ ದಾಟಿದ ಮೇಲೆ ಹುಲ್ಲು ಹಳದಿಯಾಯಿತು, ಸಂಕ್ರಾಂತಿಗೆ ಒಣಗಿ ಸರಸರ ಎನ್ನತೊಡಗಿತು. ಶಿವರಾತ್ರಿಯ ಆಸುಪಾಸಿನಲ್ಲಿ ಒಂದು ಸಂಜೆ ಎದುರಿನ ಗುಡ್ಡದ ಮೇಲೆ ಕೆಂಪು ಗೆರೆಯೊಂದು ಕಾಣಿಸಿತು. ಯಾರೋ ಸಾಲು ದೀಪ ಹಚ್ಚಿದ್ದಾರೆ, ಎಷ್ಟು ಚೆಂದ ಎಂದೆ.

ನಮ್ಮ ಮನೆಯಿಂದ ಕೂಗಳತೆಯಲ್ಲಿ, ಸ್ವಲ್ಪ ಮೇಲಕ್ಕೆ, ಒಬ್ಬ ವಿಧವೆ ಮುದುಕಿಯ ಮನೆಯಿತ್ತು. ಒಂದು ಎಮ್ಮೆ, ಒಂದು ಬಣವಿ, ಬಾಯಿ ತುಂಬ ಮಾತು, ಇಷ್ಟು ಆಕೆಯ ಆಸ್ತಿ. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು. ಆ ಸಂಜೆ ನಮ್ಮ ಅಂಗಳಕ್ಕೆ ಬಂದಿದ್ದ ಆಯಿ ನನ್ನ ಮಾತು ಕೇಳಿಸಿಕೊಂಡಳು.

“ಅದು ದೀಪ ಅಲ್ಲ ಯವ್ವಾ, ವಣವಾ,” ಎಂದಳು. “ಗುಡ್ಡಕ್ಕ ಬೆಂಕಿ ಹತ್ತೈತಿ. ನಾಕು ದಿನದಾಗ ನಿಮ್ಮ ಕಡೆನೂ ಬರತೈತಿ. ನಿಮ್ಮ ಕಾಕಾ ಹೇಳಿಲ್ಲೇನು?”

ಕಾಕಾ ಹೇಳಿರಲಿಲ್ಲ. ಅಮೃತದ ಬಗ್ಗೆ ಹೇಳುವುದರಲ್ಲೇ ಅವರಿಗೆ ಹೊತ್ತು ಸಾಲದೆ ಹೋಗಿತ್ತು.

ಗುಡ್ಡಕ್ಕೆ ಪ್ರತಿ ಬೇಸಿಗೆ ಬೆಂಕಿ ಬೀಳುತ್ತಿತ್ತು, ಆದರೆ ಅದನ್ನು ಹಚ್ಚಿದವರು ಯಾರೂ ಇರುತ್ತಿರಲಿಲ್ಲ. ಹಳೆ ಹುಲ್ಲು ಸುಟ್ಟರೆ ಹೊಸ ಹುಲ್ಲು ಜೋರಾಗಿ ಬರುತ್ತದೆ ಎಂದು ದನದವರೆಲ್ಲ ನಂಬಿದ್ದರು, ಆದರೆ ಅವರು ಯಾರೂ ಸುಡುತ್ತಿರಲಿಲ್ಲವಂತೆ. ಮೊಲದ ಬೇಟೆಗೆ ಹೋದವರು ಪೊದೆಗೆ ಹೊಗೆ ಹಾಕುತ್ತಿರಲಿಲ್ಲವಂತೆ. ಬೀಡಿ ಸೇದುವವರಂತೂ ಬೀಡಿಯನ್ನು ಆರಿಸಿ ಕಿವಿಗೇ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಎಲ್ಲರ ಮಾತು ಕೂಡಿಸಿದರೆ ಗುಡ್ಡ ತಾನೇ ಕಡ್ಡಿ ಗೀರಿಕೊಳ್ಳುತ್ತಿತ್ತು.

ಆ ಮೊದಲ ವರ್ಷ ಆಯಿ ನಮ್ಮನ್ನು ಮುಂದೆ ಹಾಕಿಕೊಂಡು ದುಡಿಸಿದಳು. ಮನೆಯ ಸುತ್ತ ಇಪ್ಪತ್ತು ಹೆಜ್ಜೆ ದೂರದವರೆಗೆ ಹುಲ್ಲನ್ನು ಬುಡಸಹಿತ ಕೆತ್ತಿಸಿದಳು. ಗೋಡೆಗೆ ಒತ್ತಿ ಒಟ್ಟಿದ್ದ ಕುಳ್ಳು, ಕಟ್ಟಿಗೆಗಳನ್ನು ದೂರ ಒಯ್ಯಿಸಿದಳು. ಬಣವಿ ಮನೆಯ ಹತ್ತಿರ ಇರಕೂಡದು, ಉರಿದರೆ ಅದೊಂದೇ ಉರಿಯಲಿ ಎಂದಳು. ಹೆಂಚಿನ ಮೇಲೆ, ಸೂರಿನ ಸಂದಿಯಲ್ಲಿ ಬಿದ್ದ ಮಾವಿನ ಒಣ ಎಲೆಗಳನ್ನು ವಾರಕ್ಕೊಮ್ಮೆ ಗುಡಿಸಬೇಕು. ಝರಿಯಿಂದ ನೀರು ತಂದು ಹಂಡೆ, ಬ್ಯಾರಲ್ ತುಂಬಿಡಬೇಕು. ಬೆಂಕಿ ಬಡಿಯಲು ಹಸಿ ಟೊಂಗೆಗಳನ್ನು ಕಡಿದು ಬಾಗಿಲ ಬಳಿ ಇಡಬೇಕು, ಒಣಗಿದ ಹಾಗೆ ಹೊಸದು ತರಬೇಕು. ಹವೆ ತಿನ್ನಲು ಬಂದ ಯಜಮಾನರು ಸಂಜೆಗೆ ಸೊಂಟ ಹಿಡಿದುಕೊಂಡು, ಮಗ್ಗದ ಪಾಳಿ ಇದಕ್ಕಿಂತ ಆರಾಮ ಇತ್ತು ಎನ್ನುತ್ತಿದ್ದರು.

ಇಷ್ಟಾದ ಮೇಲೆ ಕಡೆಯ ಕೆಲಸ ಪಟ್ಟಿ ಸುಡುವುದು. ಕೆತ್ತಿದ ಜಾಗದ ಆಚೆ ಒಂದು ಹತ್ತು ಮಾರು ಹುಲ್ಲು ಬಿಟ್ಟು, ಅದರ ಹೊರಗೆ ಇನ್ನೊಂದು ಸಾಲು ಕೆತ್ತಬೇಕು. ನಡುವೆ ಉಳಿದ ಹುಲ್ಲನ್ನು ನಾವೇ ಸುಟ್ಟುಬಿಟ್ಟರೆ, ಗುಡ್ಡದ ಬೆಂಕಿ ಬಂದಾಗ ಅದಕ್ಕೆ ತಿನ್ನಲು ಏನೂ ಇರುವುದಿಲ್ಲ. ಸುಡುವುದು ಮಾತ್ರ ಬೆಳಗ್ಗೆ, ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇರುವಾಗ. ಮೇಲಿನಿಂದ ಹಚ್ಚಿ ಕೆಳಗೆ ಇಳಿಸಬೇಕು, ಎರಡೂ ಕಡೆ ಟೊಂಗೆ ಹಿಡಿದು ಮಂದಿ ನಿಂತಿರಬೇಕು. ಆಯಿ ಇದನ್ನು ಮಗುವಿಗೆ ಹೇಳಿದಂತೆ ಮೂರು ಸಲ ಹೇಳಿದಳು. ಆ ವರ್ಷ ಗುಡ್ಡದ ಬೆಂಕಿ ಬಂತು, ನಮ್ಮ ಕರಿ ಪಟ್ಟಿಯನ್ನು ಮೂಸಿ ನೋಡಿ ಪಕ್ಕಕ್ಕೆ ಹೋಯಿತು. ಎರಡನೆಯ ವರ್ಷವೂ ಹಾಗೇ ಆಯಿತು.

ಎರಡು ಸಲ ಪಾಸಾದ ಮೇಲೆ ಯಜಮಾನರು ಮಾಸ್ತರರಾದರು. ಮೂರನೆಯ ವರ್ಷ ಅವರಿಗೆ ಆಯಿಯ ಪದ್ಧತಿಯಲ್ಲಿ ತಪ್ಪುಗಳು ಕಾಣಿಸತೊಡಗಿದವು. ಹೊರಗಿನ ಸಾಲು ಕೆತ್ತುವುದು ದಂಡ ಎಂದರು, ಒಳಗಿನ ಸಾಲು ಇದ್ದರೆ ಮನೆಗೆ ಸಾಕಲ್ಲ. ಇಬ್ಬನಿಯಲ್ಲಿ ಹುಲ್ಲು ಸರಿಯಾಗಿ ಹತ್ತುವುದೇ ಇಲ್ಲ, ಬರೀ ಹೊಗೆಯಾಡಿ ತಮ್ಮ ಎದೆಗೆ ತ್ರಾಸ ಕೊಡುತ್ತದೆ ಎಂದರು. ಬಿಸಿಲಿಗೆ ಹಚ್ಚಿದರೆ ಒಂದು ತಾಸಿನಲ್ಲಿ ಮುಗಿಯುವ ಕೆಲಸಕ್ಕೆ ಮುದುಕಿ ಎರಡು ಮುಂಜಾನೆ ಹಾಳು ಮಾಡುತ್ತಾಳೆ. ಆಯಿಯನ್ನು ಕೇಳಿ ಮಾಡಿರಿ ಎಂದು ನಾನು ಹೇಳಿದೆ.

“ಆಕಿಗೇನ್ ತಿಳೀತೈತಿ,” ಎಂದರು. “ನಾ ಮಗ್ಗದ ಮಷೀನ್ ಮ್ಯಾಲೆ ಕೆಲಸ ಮಾಡಿದಾಂವ ಅದೇನಿ.”

ಮಗ್ಗಕ್ಕೂ ಹುಲ್ಲಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಆಗಿನ ಹೆಂಡಂದಿರಿಗೆ ಇರಲಿಲ್ಲ. ಇದ್ದಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ. ಹೊರಗಿನ ಸಾಲು ಕೆತ್ತುವ ಕೆಲಸ ತಪ್ಪಿದರೆ ನನಗೂ ಬೇಡವಾಗಿರಲಿಲ್ಲ. ಆ ವಾರ ಹೆಂಚಿನ ಮೇಲಿನ ಎಲೆ ಗುಡಿಸುವುದನ್ನೂ ನಾನು ಮುಂದೂಡಿದ್ದೆ.

ಹೋಳಿ ಹುಣ್ಣಿಮೆಗೆ ಇನ್ನೂ ಎಂಟು ದಿನವಿತ್ತು. ಹೊತ್ತು ನೆತ್ತಿಗೆ ಬರುತ್ತಿದ್ದಾಗ ಯಜಮಾನರು ಒಳಗಿನ ಸಾಲಿನ ಮೇಲೆ ನಿಂತು ಕಡ್ಡಿ ಗೀರಿದರು. ಅವರ ಮಾತು ನಿಜವಾಗಿತ್ತು, ಹುಲ್ಲು ಬಹಳ ಚೆನ್ನಾಗಿ ಹತ್ತಿತು. ಒಂದು ತಾಸೂ ಬೇಕಾಗಲಿಲ್ಲ. ಎಲ್ಲಿಂದಲೋ ಒಂದು ಗಾಳಿ ಎದ್ದು, ಬೆಂಕಿ ಒಮ್ಮೆ ನಮ್ಮ ಕಡೆ ಬಾಗಿ ನೋಡಿತು. ಅಲ್ಲಿ ಕೆತ್ತಿದ ನೆಲ. ಹಿಂದೆ ತಿರುಗಿ ನೋಡಿತು. ಅಲ್ಲಿ ನಾವು ಕೆತ್ತದೆ ಬಿಟ್ಟ ಗುಡ್ಡ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅದು ಏರು ಹಿಡಿದು ಓಡತೊಡಗಿತು, ಆಯಿಯ ಮನೆಯ ಕಡೆಗೆ.

ಯಜಮಾನರು ಟೊಂಗೆ ಹಿಡಿದು ಅದರ ಹಿಂದೆ ಓಡಿದರು. ಹತ್ತು ಏಟು ಹೊಡೆಯುವುದರೊಳಗೆ ಹೊಗೆ ಎದೆಗೆ ಹೋಗಿ, ಕೆಮ್ಮುತ್ತ ಕೆಮ್ಮುತ್ತ ಮಂಡಿಯೂರಿ ಕುಳಿತುಬಿಟ್ಟರು. ನಾನು ಅವರ ರಟ್ಟೆ ಹಿಡಿದು ಎಳೆದು ಕೆತ್ತಿದ ನೆಲಕ್ಕೆ ತಂದು ಕೂರಿಸಿದೆ. ಆ ಹೊತ್ತಿಗೆ ಆಯಿ ತನ್ನ ಎಮ್ಮೆಯ ಹಗ್ಗ ಬಿಚ್ಚಿ ಓಡಿಸಿದ್ದು ಕಾಣಿಸಿತು. ಅವಳ ಮನೆಯ ಸುತ್ತ ಪಟ್ಟಿ ಸುಟ್ಟು ನಾಲ್ಕು ದಿನವಾಗಿತ್ತು. ಅವಳೇ ಹೇಳಿದ ಹಾಗೆ ಬಣವಿ ಮಾತ್ರ ಪಟ್ಟಿಯಿಂದ ಹೊರಗೆ, ದೂರದಲ್ಲಿತ್ತು. ಬೆಂಕಿ ನೆಟ್ಟಗೆ ಆ ಕಡೆ ಹೊರಟಿತ್ತು. ಆಯಿ ಬಣವಿಯ ಕಡೆ ಒಮ್ಮೆ ನೋಡಿ, ಅದಕ್ಕೆ ಬೆನ್ನು ಹಾಕಿ, ಸುಟ್ಟ ಹುಲ್ಲಿನ ಬಿಸಿ ಬೂದಿಯನ್ನು ತುಳಿಯುತ್ತ ನಮ್ಮ ಮನೆಯ ಕಡೆಗೆ ಇಳಿದು ಬಂದಳು.

“ಮ್ಯಾಲೆ ನೋಡ,” ಎಂದು ನನಗೆ ಹೇಳಿದಳು. “ನಿನ್ನ ಹೆಂಚು ಹೊಗ್ಯಾಡಾಕತ್ತೈತಿ.”

ಹಾರಿ ಬಂದ ಕಿಡಿಗಳು ನಾನು ಗುಡಿಸದೆ ಬಿಟ್ಟ ಎಲೆಗಳ ಮೇಲೆ ಬಿದ್ದಿದ್ದವು. ಸೀರೆಯ ಕಚ್ಚೆ ಕಟ್ಟಿ ನಿಚ್ಚಣಿಕೆ ಹತ್ತಿದೆ. ಆಯಿ ಕೆಳಗಿನಿಂದ ಗೋಣಿಚೀಲ ನೀರಿನಲ್ಲಿ ಅದ್ದಿ ಅದ್ದಿ ಕೊಟ್ಟಳು, ನಾನು ಬಡಿಯುತ್ತ ಹೋದೆ. ಹೆಂಚು ಒಡೆದವು, ಅಂಗಾಲು ಸುಟ್ಟಿತು, ಅಡುಗೆಮನೆಯ ಮೇಲಿನ ಎರಡು ಜಂತಿ ಕರಕಾದವು. ಮನೆ ಉಳಿಯಿತು. ನಾನು ಇಳಿದಾಗ ಆಯಿಯ ಬಣವಿ ಇದ್ದ ಕಡೆ ಬೂದಿಯ ಗುಡ್ಡೆಯಿತ್ತು. ಮಳೆಗಾಲದವರೆಗೆ ಎಮ್ಮೆಗೆ ಇದ್ದ ಮೇವು ಅದೊಂದೇ.

ನೀವು ಬಣವಿಗೆ ಹೋಗಬೇಕಿತ್ತು ಆಯಿ ಎಂದೆ.

“ಹುಲ್ಲು ಮತ್ತ ಬೆಳೀತೈತಿ,” ಎಂದಳು. “ಮನಿ ಬೆಳಿಯಂಗಿಲ್ಲ.” ಯಜಮಾನರ ಕಡೆ ನೋಡಿ, “ತಮ್ಮಾ, ಈಗರೆ ನನ್ನ ಮಾತು ಕೇಳು, ನೀರು ಕುಡಿ,” ಎಂದಳು. ಬೈಗುಳ ಇಷ್ಟೇ. ಇನ್ನಷ್ಟು ಬೈದಿದ್ದರೆ ನಮಗೆ ಬಹಳ ಉಪಕಾರವಾಗುತ್ತಿತ್ತು.

ಬೆಂಕಿ ಸಂಜೆಯ ಹೊತ್ತಿಗೆ ಗುಡ್ಡದ ತುದಿಯ ಬಂಡೆಗಳವರೆಗೆ ಹೋಗಿ, ಮುಂದೆ ದಾರಿಯಿಲ್ಲದೆ ಆರಿತು. ಎಲ್ಲ ಆರಿದ ಮೇಲೆ ಕೆಳಗಿನ ಊರಿನವರು ಸಹಾಯಕ್ಕೆ ಬಂದರು. ಎಷ್ಟು ಉರಿಯಿತು ಎಂದು ಬೆರಳು ತೋರಿಸಿ ಅಂದಾಜು ಕಟ್ಟಿ, ನಮ್ಮ ಬ್ಯಾರಲ್ಲಿನಲ್ಲಿ ಉಳಿದ ನೀರು ಕುಡಿದು ಹೋದರು. ಈ ಸಲ ಗುಡ್ಡ ಸ್ವಲ್ಪ ಲಗೂನೇ ಹತ್ತಿಕೊಂಡಿತು ಎಂದು ಅವರೇ ತೀರ್ಮಾನಿಸಿದರು. ಯಜಮಾನರು ಕೊಡ ಎತ್ತಿಕೊಂಡು ಝರಿಯ ಕಡೆ ನಡೆದರು.

ಎರಡು ದಿನ ಅವರು ಊಟ ಸರಿಯಾಗಿ ಮಾಡಲಿಲ್ಲ. ಪೇಟೆಗೆ ಇಳಿದು ಕಾಕಾನ ಮುಂದೆ ಎಲ್ಲ ಹೇಳಿಕೊಂಡರು. ಕಾಕಾ ಚಹಾ ಕೊಟ್ಟು, ಇಪ್ಪತ್ತು ವರ್ಷದ ಅನುಭವ ಬಸಿದು ಸಲಹೆ ಕೊಟ್ಟರು: ಗುಡ್ಡಕ್ಕೆ ನಾನು ಬೆಂಕಿ ಹಚ್ಚಿದೆ ಎಂದು ಇಲ್ಲಿಯವರೆಗೆ ಯಾವನೂ ಒಪ್ಪಿಕೊಂಡಿಲ್ಲ, ನೀನು ಹೊಸ ಪದ್ಧತಿ ಹಾಕಬೇಡ.

ಮೂರನೆಯ ದಿನ ಕಾಡಿನ ಗಾರ್ಡ್ ಒಬ್ಬರು ವಿಚಾರಣೆಗೆ ಹತ್ತಿ ಬಂದರು. ನಮ್ಮ ಕಟ್ಟೆಯ ಮೇಲೆ ಕುಳಿತು, ಬೆವರು ಒರೆಸಿಕೊಂಡು, ಕಾಗದ ತೆಗೆದು ಬರೆಯತೊಡಗಿದರು. ಅವರು ಬರೆದು ಮುಗಿಸುವ ಹೊತ್ತಿಗೆ ಯಜಮಾನರು ಒಳಗಿನಿಂದ ಬಂದು ಕೈಕಟ್ಟಿ ನಿಂತರು.

“ಸಾಹೇಬ್ರ, ಬೆಂಕಿ ಹಚ್ಚಿದಾಂವ ನಾನ ರೀ,” ಎಂದರು.

ಗಾರ್ಡ್ ತಲೆ ಎತ್ತಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

“ಕಾರಣ ತಿಳಿದಿಲ್ಲ ಅಂತ ಬರದು ಮುಗಿಸೇನಿ,” ಎಂದರು. “ಈಗ ಕಾರಣ ತಿಳೀತಂದ್ರ ಮತ್ತ ಮೊದಲಿಂದ ಬರೀಬೇಕು. ಪಂಚನಾಮೆ ಆಗಬೇಕು, ನೀವು ಪೇಟಿಗೆ ಬರಬೇಕು, ನಾನೂ ಬರಬೇಕು. ಸುಮ್ಮ ಇರ್ರಿ.”

ಯಜಮಾನರು ಸುಮ್ಮನಿರಲು ಒಪ್ಪಲಿಲ್ಲ. ತಾವು ಎಷ್ಟು ಹೊತ್ತಿಗೆ, ಎಲ್ಲಿ ನಿಂತು ಕಡ್ಡಿ ಗೀರಿದ್ದು ಎಂದು ವಿವರಿಸುತ್ತ, ನನ್ನನ್ನೂ ಸಾಕ್ಷಿಗೆ ಕರೆದರು. ಗಾರ್ಡ್ ಕಾಗದ ಮಡಿಚಿ ಕಿಸೆಗೆ ಹಾಕಿಕೊಂಡು, ಇಂಥವರು ನಾಲ್ಕು ಮಂದಿ ಇದ್ದರೆ ತಾವು ಮನೆಗೆ ಹೋಗಿ ಊಟ ಮಾಡುವುದು ಯಾವಾಗ ಎಂದು ಮರಾಠಿಯಲ್ಲಿ ಗೊಣಗುತ್ತ ಇಳಿದು ಹೋದರು. ಒಬ್ಬ ಮನುಷ್ಯ ತಪ್ಪೊಪ್ಪಿಕೊಂಡು, ಸಾಕ್ಷಿಗೆ ಹೆಂಡತಿಯನ್ನೂ ನಿಲ್ಲಿಸಿದರೂ ಸರಕಾರಕ್ಕೆ ಬೇಡವಾಗಿದ್ದನ್ನು ನಾನು ಆವತ್ತೇ ನೋಡಿದ್ದು.

ಸರಕಾರ ಕೊಡದ ಶಿಕ್ಷೆಯನ್ನು ಯಜಮಾನರು ತಾವೇ ಹಾಕಿಕೊಂಡರು. ಕೆಳಗಿನ ಹೊಲದಲ್ಲಿ ಸುಡದೆ ಉಳಿದಿದ್ದ ನಮ್ಮ ನಾಚಣಿ ಬಣವಿಯ ಅರ್ಧ ಹುಲ್ಲನ್ನು ಹೊರೆ ಕಟ್ಟಿ ಆಯಿಯ ಅಂಗಳಕ್ಕೆ ಒಯ್ದರು. ಅದು ತೀರಿದ ಮೇಲೆ ದಿನಾ ಬೆಳಗ್ಗೆ ಹಿರಣ್ಯಕೇಶಿ ಹೊಳೆಯ ದಂಡೆಯ ಕಬ್ಬಿನ ಗದ್ದೆಗಳವರೆಗೆ ಇಳಿದು, ಕಡಿದ ಕಬ್ಬಿನ ಹಸಿ ತುದಿಗಳನ್ನು ಬೇಡಿ ತಂದು, ತಲೆಯ ಮೇಲೆ ಹೊತ್ತು ಗುಡ್ಡ ಹತ್ತುತ್ತಿದ್ದರು. ಮೊದಲ ವಾರ ಅರ್ಧ ದಾರಿಯಲ್ಲಿ ಮೂರು ಸಲ ಕೂರುತ್ತಿದ್ದರು. ನಾನು ಒಂದು ಹೊರೆ ತರುತ್ತೇನೆ ಎಂದರೆ ಬೇಡ ಎನ್ನುತ್ತಿದ್ದರು. ಎಲೆ ಗುಡಿಸದೆ ಬಿಟ್ಟವಳು ನಾನು ಎಂದು ಅವರು ಒಮ್ಮೆಯೂ ಎತ್ತಿ ಆಡಲಿಲ್ಲ. ಅದಕ್ಕೇ ಹೇಳದೆ ಕೇಳದೆ ಒಂದು ದಿನ ಹಿಂದೆಯೇ ಹೋಗಿ ಇನ್ನೊಂದು ಹೊರೆ ಹೊತ್ತುಕೊಂಡು ಬಂದೆ. ಆ ಮೇಲೆ ದಿನಾ ಇಬ್ಬರೂ ಹೋದೆವು. ಆಯಿ ನಮ್ಮಿಬ್ಬರಿಗೂ ಮಜ್ಜಿಗೆ ಕೊಡುತ್ತಿದ್ದಳು. ಎಮ್ಮೆಗೆ ಮಾತ್ರ ಕಬ್ಬಿನ ರುಚಿ ಹತ್ತಿ, ಬರೀ ಹುಲ್ಲು ಹಾಕಿದರೆ ಮುಖ ತಿರುವುವಷ್ಟು ದೊಡ್ಡಸ್ತಿಕೆ ಬಂತು.

ಮಳೆ ಬೀಳುವ ಮುಂಚೆ ಕೊಲ್ಹಾಪುರಕ್ಕೆ ಹೋದಾಗ ಡಾಕ್ಟರರು ಎದೆ ನೋಡಿ ಬಹಳ ಖುಷಿಪಟ್ಟರು. ಉಸಿರು ಎಷ್ಟೋ ಸುಧಾರಿಸಿದೆ, ಗುಡ್ಡದ ಹವೆ ಅಂದರೆ ಹೀಗೇ ಎಂದರು. ಹವೆಯಲ್ಲಿ ಏನೇನು ಬೆರೆತಿತ್ತು ಎಂದು ನಾವು ಹೇಳಲು ಹೋಗಲಿಲ್ಲ.

ಮುಂದಿನ ಮಾಘಮಾಸದಲ್ಲಿ ಆಯಿ ಗುಡ್ಡದ ಮೇಲೆ ಅಲ್ಲಲ್ಲಿ ಚದುರಿದ್ದ ಆರು ಮನೆಯವರನ್ನೂ ನಮ್ಮ ಅಂಗಳಕ್ಕೆ ಕರೆದಳು. ಒಬ್ಬೊಬ್ಬರು ಒಂದೊಂದು ಪಟ್ಟಿ ಸುಡುವುದು ಸಾಕು, ಈ ಸಲ ಎಲ್ಲ ಮನೆಗಳನ್ನೂ ಸುತ್ತಿ ಒಂದೇ ಪಟ್ಟಿ ಮಾಡೋಣ ಎಂದಳು. ಎಂದು ಹಚ್ಚಬೇಕು, ಗಾಳಿ ಹೇಗಿದೆ ಎಂದು ನೋಡಿ ಹೇಳುವ ಕೆಲಸವನ್ನು ನಮ್ಮ ಯಜಮಾನರಿಗೆ ಒಪ್ಪಿಸಬೇಕು ಎಂದಳು. ಗಾರ್ಡರ ಮುಂದೆ ಅವರು ಒಪ್ಪಿಕೊಂಡ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಇಡೀ ಗುಡ್ಡ ಸುಟ್ಟವನ ಕೈಗೇ ಕಡ್ಡಿಪೆಟ್ಟಿಗೆ ಕೊಡುವುದನ್ನು ಕಂಡು ಒಬ್ಬಿಬ್ಬರು ನಕ್ಕರು. ಆಯಿ ನಗಲಿಲ್ಲ.

“ಇಲ್ಲಿ ಬೆಂಕಿ ಹಚ್ಚಿದಾಂವ ಇವನೊಬ್ಬನ ಅದಾನ,” ಎಂದಳು. “ಉಳದವ್ರು ಯಾರೂ ಹಚ್ಚೇ ಇಲ್ಲಲ್ಲ. ನಿಮಗ ಹೆಂಗ ಗೊತ್ತಾಗಬೇಕು?”

ನಕ್ಕವರೇ ಕಡ್ಡಿಪೆಟ್ಟಿಗೆ ತಂದು ಯಜಮಾನರ ಕೈಗೆ ಕೊಟ್ಟರು. ಯಜಮಾನರು ಮರುದಿನದಿಂದ ಕೋಳಿ ಕೂಗುವ ಹೊತ್ತಿಗೆ ಎದ್ದು, ಹುಲ್ಲಿನ ಮೇಲೆ ಕೈಯಾಡಿಸಿ ಇಬ್ಬನಿ ನೋಡುತ್ತಿದ್ದರು, ಬೂದಿ ತೂರಿ ಗಾಳಿ ನೋಡುತ್ತಿದ್ದರು. ನಾಲ್ಕು ದಿನ ಬೇಡ ಬೇಡ ಎಂದು ಎಲ್ಲರನ್ನೂ ಮನೆಗೆ ಕಳಿಸಿದರು. ಐದನೆಯ ದಿನ, ಹುಲ್ಲು ಒದ್ದೆಯಿದ್ದು ಎಲೆ ಅಲುಗದ ಹೊತ್ತಿನಲ್ಲಿ, ಹದಿನೆಂಟು ಮಂದಿಗೆ ಟೊಂಗೆ ಕೊಟ್ಟು ಎರಡು ಸಾಲಾಗಿ ನಿಲ್ಲಿಸಿ, ಮೇಲಿನ ತುದಿಗೆ ಹೋಗಿ ಕಡ್ಡಿ ಗೀರಿದರು. ಮೊದಲನೆಯದು ಇಬ್ಬನಿಗೆ ತಾಗಿ ಆರಿತು. ಎರಡನೆಯದು ಹತ್ತಿತು. ಬೆಂಕಿ ಮೆಲ್ಲಗೆ, ಹೊಗೆಯಾಡುತ್ತ, ಹೇಳಿದ ಮಾತು ಕೇಳುವ ಎಮ್ಮೆಯಂತೆ ಕೆಳಗೆ ಇಳಿಯತೊಡಗಿತು.