ಟ್ರಂಕಿನಲ್ಲಿ ಉಳಿದ ಕುರಿಯ ದುಡ್ಡು

ನಿವೃತ್ತನಾದ ಗುಮಾಸ್ತನಷ್ಟು ಉಪಯೋಗಕ್ಕೆ ಬಾರದ ಪ್ರಾಣಿಯನ್ನು ನಾನು ಕಂಡಿಲ್ಲ. ಮೂವತ್ತೆರಡು ವರ್ಷ ತಾಲ್ಲೂಕು ಕಚೇರಿಗಳಲ್ಲಿ ಕುರ್ಚಿ ಸವೆಸಿ, ೧೯೭೪ರಲ್ಲಿ ಹೊಸದುರ್ಗದಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಮಾರನೆಯ ದಿನದಿಂದಲೇ ಹೆಂಡತಿಯ ಕಾಲಿಗೆ ಅಡ್ಡ ಸಿಗತೊಡಗಿದೆ. ಅವಳು ಗುಡಿಸುವಾಗ ಈ ಮೂಲೆಯಿಂದ ಆ ಮೂಲೆಗೆ ಹೋಗಿ ನಿಲ್ಲುವುದೇ ನನ್ನ ದಿನದ ಕೆಲಸ. ಪಿಂಚಣಿ ಮಂಜೂರಾಗಿರಲಿಲ್ಲ. ಹಿರಿಯೂರಿನಲ್ಲಿದ್ದ ಕಾಲದ ಒಂದು ಆದೇಶದ ನಕಲು ಬೇಕಾಗಿತ್ತು. ಅದನ್ನು ಹುಡುಕಲೆಂದು ಒಂದು ಬೆಳಿಗ್ಗೆ ಹಳೆಯ ತಗಡಿನ ಟ್ರಂಕನ್ನು ನಡುಮನೆಗೆ ಎಳೆದುಕೊಂಡು ಕುಳಿತೆ.

ಆ ಟ್ರಂಕು ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಎಂದು ವರ್ಗವಾದಲ್ಲೆಲ್ಲ ನನ್ನ ಜೊತೆ ಬಂದದ್ದು. ಕಚೇರಿಯಲ್ಲಿ ನನ್ನ ಮೇಜಿನ ಕೆಳಗೇ ಇರುತ್ತಿತ್ತು. ಬೀಗದ ಕೈ ನನ್ನ ಬಳಿ ಬಿಟ್ಟರೆ ಇನ್ನೊಬ್ಬರ ಬಳಿ ಇರಲಿಲ್ಲ. ಕಾಗದದ ಕಟ್ಟುಗಳನ್ನು ಒಂದೊಂದಾಗಿ ತೆಗೆದು ಹೊರಗಿಟ್ಟಂತೆ ತಳದಲ್ಲಿ ಎಂಟೊಂಬತ್ತು ಹಳದಿ ಗಂಟುಗಳು ಕಂಡವು. ಅವನ್ನು ಅಲ್ಲಿ ತುರುಕಿದವನು ನಾನೇ.

ನಾವು ಕುರಿ ಕಾಯುವ ಜನ. ನಮ್ಮಪ್ಪ ಕಂಬಳಿ ಹೊದ್ದು ಕಾದವನು, ನಾನು ನಾಲ್ಕು ಅಕ್ಷರ ಕಲಿತು ಕೋಟು ಹಾಕಿದವನು. ನನ್ನ ಹೆಂಡತಿ ಧರ್ಮಪುರದ ಕಡೆಯ ಒಂದು ಹಟ್ಟಿಯ ಹೆಣ್ಣು. ಅವಳಿಗೆ ಒಬ್ಬನೇ ಅಣ್ಣ. ನಾನು ಹಿರಿಯೂರಿನಲ್ಲಿದ್ದ ವರ್ಷಗಳಲ್ಲಿ ಆತ ಸಂತೆಗೆ ಕುರಿ ಹೊಡೆದುಕೊಂಡು ಬಂದಾಗಲೆಲ್ಲ ಕಚೇರಿಯ ಜಗಲಿಯ ಮೇಲೆ ಬಂದು ಕೂರುತ್ತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮೈಯೆಲ್ಲ ಕುರಿಯ ವಾಸನೆ. ಒಳಗಿನ ಗುಮಾಸ್ತರು ನನ್ನ ಮುಖ ನೋಡಿ ನಗುತ್ತಿದ್ದರು. "ನಿಮ್ಮೋರು ಬಂದವ್ರೆ" ಎಂದು ಜವಾನ ಬಂದು ಹೇಳುವ ಧಾಟಿಗೇ ನನ್ನ ಕಿವಿ ಬಿಸಿಯಾಗುತ್ತಿತ್ತು. ಎದ್ದು ಹೋಗಿ, ನಿಂತ ಕಾಲಲ್ಲೇ ಎರಡು ಮಾತಾಡಿಸಿ, ಆತನನ್ನು ಸಾಗಹಾಕಿ ಬರುತ್ತಿದ್ದೆ.

ಪ್ರತಿ ಸಲವೂ ಆತ ಒಂದು ಸಣ್ಣ ಗಂಟು ಕೊಡುತ್ತಿದ್ದ. ದೇವರ ಭಂಡಾರ, ಅಂದರೆ ಅರಿಶಿನದ ಪುಡಿ. "ತಂಗೀಗೆ ಕೊಡ್ರಿ ಭಾವ" ಎನ್ನುವುದು ಬಿಟ್ಟರೆ ಹೆಚ್ಚಿನ ಮಾತಿಲ್ಲ. ಕೊಟ್ಟ ಹೆಣ್ಣಿಗೆ ತವರಿನಿಂದ ಏನು ಸಲ್ಲಬೇಕಿದ್ದರೂ ಅದನ್ನು ಗಂಡನ ಕೈಯಲ್ಲೇ ಇಡುವುದು ಆ ಮನೆಯ ಪದ್ಧತಿ. ಕೊಟ್ಟದ್ದನ್ನು ಮತ್ತೆ ಬಾಯಲ್ಲಿ ಆಡುವಂತಿಲ್ಲ. ಆಡಿದರೆ ಕೊಟ್ಟ ಕೈಯಲ್ಲೇ ವಾಪಸ್ಸು ಕೇಳಿದಂತೆ. ನಾನು ಗಂಟನ್ನು ಮನೆಗೆ ಒಯ್ಯುತ್ತಿರಲಿಲ್ಲ. ಒಯ್ದರೆ ಅವಳು ಹಣೆಗೆ, ಹೊಸ್ತಿಲಿಗೆ, ಬಾಗಿಲ ಚೌಕಟ್ಟಿಗೆ ಹಚ್ಚುತ್ತಿದ್ದಳು. ಬಾಡಿಗೆ ಮನೆಯ ಓಣಿಗೆಲ್ಲ ನಾವು ಯಾರೆಂದು ಗೊತ್ತಾಗುತ್ತಿತ್ತು. ಅದನ್ನು ಹಣೆಗಿಡುವ ಭಕ್ತಿ ನನಗೆ ಉಳಿದಿರಲಿಲ್ಲ, ಬಿಸಾಡುವ ಧೈರ್ಯವೂ ಬಂದಿರಲಿಲ್ಲ. ಹಾಗಾಗಿ ಟ್ರಂಕಿನ ತಳಕ್ಕೆ ತುರುಕಿ ಮರೆಯುತ್ತಿದ್ದೆ. ಅಣ್ಣ ಬಂದಿದ್ದನಾ ಎಂದು ಅವಳು ಕೇಳಿದರೆ, ಬಂದಿದ್ದ, ಅವಸರದಲ್ಲಿದ್ದ, ಹೋದ ಎನ್ನುತ್ತಿದ್ದೆ.

ಆ ಗಂಟುಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ದಪ್ಪ. ಕಪ್ಪು ಉಣ್ಣೆಯ ನೂಲಿನಿಂದ ಬಿಗಿಯಾಗಿ ಸುತ್ತಿತ್ತು. ಬಿಚ್ಚಿದೆ. ಭಂಡಾರದ ನಡುವೆ ನಾಲ್ಕಾಗಿ ಮಡಿಸಿದ ನೋಟುಗಳು. ಒಂದಕ್ಕೊಂದು ಅಂಟಿ, ಅಂಚುಗಳನ್ನು ಹುಳ ತಿಂದು, ಹಪ್ಪಳದಂತೆ ಗಟ್ಟಿಯಾಗಿದ್ದವು. ಐನೂರಕ್ಕೂ ಮೇಲಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ಪಿಂಚಣಿ ಬರುವವರೆಗೆ ಕೈಖರ್ಚಿಗೆ ಆಯಿತು ಅನ್ನಿಸಿತು. ಅದು ಯಾವ ದುಡ್ಡೆಂದು ಹೊಳೆಯಲು ಒಂದು ನಿಮಿಷ ಬೇಕಾಯಿತು. ಹೊಳೆದ ಮೇಲೆ ಕೈ ಅಲ್ಲೇ ನಿಂತಿತು.

ಅವಳ ಮದುವೆಯಲ್ಲಿ ಅವಳಪ್ಪ ಐದು ಹೆಣ್ಣುಕುರಿಗಳನ್ನು ಬಳುವಳಿ ಕೊಟ್ಟಿದ್ದ. ಕಚೇರಿ ಗುಮಾಸ್ತನ ಮನೆಯಲ್ಲಿ ಕುರಿ ಕಟ್ಟುವುದೆಲ್ಲಿ? ಅವು ಅಣ್ಣನ ಹಿಂಡಿನಲ್ಲೇ ಉಳಿದವು. ಅವು ಹಾಕಿದ ಮರಿ, ಮರಿಯ ಮರಿ ಎಲ್ಲವೂ ಅವಳವೇ. ಅವಳು ಈ ಭೂಮಿಯ ಮೇಲೆ ನನ್ನದು ಎಂದು ಹೇಳುತ್ತಿದ್ದುದು ಅದೊಂದನ್ನೇ. ನಾನು ಹಿರಿಯೂರಿನಲ್ಲಿದ್ದಾಗಲೇ ಒಂದು ವರ್ಷ ಕುರಿಗಳಿಗೆ ರೋಗ ಬಿದ್ದಿತು. ಇದ್ದಬದ್ದದ್ದೂ ಸತ್ತು ಹೋದೀತೆಂದು ಅಣ್ಣ ಮೊದಲು ತಂಗಿಯ ಕುರಿಗಳನ್ನು ಮಾರಿದ. ತನ್ನವನ್ನು ಉಳಿಸಿಕೊಂಡು ಅರ್ಧದಷ್ಟು ಕಳೆದುಕೊಂಡ. ನಿನ್ನ ಕುರಿಗಳೆಲ್ಲ ಮಾರಾಟವಾದವು ಎಂಬ ಸುದ್ದಿ ಊರಿನ ಕಡೆಯವರಿಂದ ಅವಳಿಗೆ ಮುಟ್ಟಿತು. ದುಡ್ಡು ಮಾತ್ರ ಮುಟ್ಟಲಿಲ್ಲ.

ಅವಳು ಒಂದು ವರ್ಷ ಕಾದಳು. ಅಣ್ಣನನ್ನು ಕೇಳಿ ನೋಡಿ ಎಂದು ನನಗೆ ಒಮ್ಮೆ ಹೇಳಿದಳು. ನುಂಗಿದವನು ಕೇಳಿದರೆ ಕಕ್ಕುತ್ತಾನಾ ಎಂದೆ. ಅವಳಾಗಿ ಕೇಳಲು ಅವಳ ಮಾನ ಬಿಡಲಿಲ್ಲ. ಅವನಾಗಿ ಹೇಳಲು ಅವನ ಪದ್ಧತಿ ಬಿಡಲಿಲ್ಲ. ಹಬ್ಬಕ್ಕೆ ತವರಿಗೆ ಹೋಗುವುದನ್ನು ಅವಳು ನಿಲ್ಲಿಸಿದಳು. ತಂಗಿ ಪಟ್ಟಣದವಳಾದಳು, ನಾವು ಬೇಡವಾದೆವು ಎಂದು ಅವನು ತಿಳಿದಿರಬೇಕು. ಅವನೂ ಬರುವುದು ನಿಂತಿತು. ನನಗೆ ಒಳಗೊಳಗೇ ಹಾಯೆನಿಸಿತು. ಜಗಲಿಯ ಮೇಲೆ ಕಂಬಳಿಯಿಲ್ಲ, ಗುಮಾಸ್ತರ ನಗೆಯಿಲ್ಲ. ಅವಳ ಸಿಟ್ಟು ಆರುವಂತೆ ಕಂಡಾಗಲೆಲ್ಲ ಒಂದು ಮಾತು ಹಾಕಿ ಊದಿದವನೂ ನಾನೇ.

ಹೊಳಲ್ಕೆರೆಯಲ್ಲಿದ್ದಾಗ ಒಂದು ಬೆಳಿಗ್ಗೆ ಹಟ್ಟಿಯಿಂದ ಆಳು ಬಂದ. ಅಣ್ಣ ಹೋಗಿಬಿಟ್ಟಿದ್ದ. ಸಂಜೆಯೊಳಗೆ ಮಣ್ಣು ಮಾಡುತ್ತಾರೆ, ಹನ್ನೊಂದರ ಬಸ್ಸು ಹಿಡಿದರೆ ಮುಖ ಸಿಗುತ್ತದೆ ಎಂದ. ಅವಳು ಎದ್ದು ಸೀರೆ ಬದಲಾಯಿಸಿದಳು. ಆಗ ನಾನು ಹೇಳಿದ ಮಾತು ಈಗಲೂ ನನ್ನ ಬಾಯಲ್ಲೇ ಕಹಿಯಾಗಿ ಕೂತಿದೆ: "ಬಳುವಳಿ ತಿಂದವನ ಮಣ್ಣಿಗೆ ಯಾಕೆ ಹೋಗ್ತೀಯ?" ಅವಳು ಒಲೆಯ ಮುಂದೆ ಕೂತಳು. ಬಸ್ಸಿನ ಹೊತ್ತು ಮೀರುವವರೆಗೆ ಏಳಲಿಲ್ಲ. ಆಮೇಲೆ ಎದ್ದು ಸಾರಿಗೆ ಇಟ್ಟಳು.

ಇದೆಲ್ಲ ನೆನಪಾಗುತ್ತಾ ನಾನು ನೋಟುಗಳನ್ನು ಹಿಡಿದು ಕೂತಿದ್ದಾಗಲೇ ಅವಳು ಕಾಫಿ ತಂದಳು. ಏನದು ಎಂದಳು. ಕಚೇರಿಯದು, ಹಳೆಯ ಬಾಕಿ ಎಂದು ಸಲೀಸಾಗಿ ಸುಳ್ಳು ಬಂತು. ಅವಳು ನೋಟು ನೋಡಲಿಲ್ಲ. ನೆಲದ ಮೇಲೆ ಬಿದ್ದಿದ್ದ ಕಪ್ಪು ನೂಲನ್ನು ಎತ್ತಿ, ಬೆರಳುಗಳ ನಡುವೆ ಹೊಸೆದು ನೋಡಿದಳು. ಕುರಿಯ ಹಿಂದೆ ನಡೆಯುತ್ತಲೇ ಅವಳಣ್ಣ ಕದಿರಿನಲ್ಲಿ ನೂಲು ತೆಗೆಯುತ್ತಿದ್ದ.

"ಇದು ನಮ್ಮಣ್ಣನ ಕೈ ನೂಲು," ಎಂದಳು. "ಯಾವಾಗ ಕೊಟ್ಟ?"

ಆಗ ಹೇಳಿದೆ. ಜಗಲಿ, ಗಂಟು, ಗುಮಾಸ್ತರ ನಗೆ, ಟ್ರಂಕು, ಎಲ್ಲವನ್ನೂ. ನೋಡದೆ ಹಾಕಿದೆ, ಗೊತ್ತಿರಲಿಲ್ಲ ಎಂದೆ. ಗೊತ್ತಿರಲಿಲ್ಲ ಎನ್ನುವುದು ನಿಜವೇ. ಆದರೆ ಒಮ್ಮೆಯಾದರೂ ಗಂಟನ್ನು ಮನೆಗೆ ತಂದಿದ್ದರೆ ಗೊತ್ತಾಗುತ್ತಿತ್ತು ಎನ್ನುವುದೂ ಅಷ್ಟೇ ನಿಜ. ಅವಳು ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಎರಡೂ ಮಾಡಲಿಲ್ಲ. ಉಳಿದ ಗಂಟುಗಳನ್ನು ಸೆರಗಿಗೆ ತುಂಬಿಕೊಂಡು ದೇವರ ಗೂಡಿನ ಮುಂದೆ ಸಾಲಾಗಿ ಇಟ್ಟಳು. ಮೂರು ದಿನ ಹೊತ್ತುಹೊತ್ತಿಗೆ ಊಟ ಬಡಿಸಿದಳು, ಮಾತಾಡಲಿಲ್ಲ. ಮನೆಯಲ್ಲಿ ಎಲ್ಲಿ ನಿಲ್ಲಬೇಕೆಂದು ನನಗೆ ತಿಳಿಯಲಿಲ್ಲ.

ನಾಲ್ಕನೆಯ ದಿನ, ಚಿತ್ರದುರ್ಗಕ್ಕೆ ಹೋಗಿ ನೋಟು ಬದಲಾಯಿಸಬೇಕು ಎಂದಳು. ಅಣ್ಣನ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಾಳೆ, ಆ ದುಡ್ಡಿನಲ್ಲಿ ಅವಳಿಗೆ ಕುರಿ ಕೊಡಿಸುತ್ತೇನೆ ಎಂದಳು. ನನ್ನನ್ನು ಕೇಳಲಿಲ್ಲ, ತಿಳಿಸಿದಳು ಅಷ್ಟೆ.

ಬ್ಯಾಂಕಿನ ಕೌಂಟರಿನ ಹಿಂದೆ ನಡುವಯಸ್ಸಿನ ಒಬ್ಬ ಸಮಾಧಾನದ ಮನುಷ್ಯ ಇದ್ದ. ನೋಟುಗಳನ್ನು ಬೆಳಕಿಗೆ ಹಿಡಿದು, ಒಂದೊಂದನ್ನೇ ಬಿಡಿಸಿದ. ನಂಬರು ಕಾಣುವವನ್ನು ತೆಗೆದುಕೊಳ್ಳಬಹುದು, ಉಳಿದವನ್ನು ಮೇಲಿನವರಿಗೆ ಕಳಿಸಬೇಕು ಎಂದ. ಒಂದು ಅರ್ಜಿ ಬೇಕು, ನೋಟು ಹೇಗೆ ಹಾಳಾಯಿತು ಎಂದು ಕಾರಣ ಬರೆದುಕೊಡಬೇಕು ಎಂದ.

"ಇಷ್ಟು ದಿನ ಯಾಕಮ್ಮ ಹಿಂಗೆ ಇಟ್ಕಂಡಿದ್ರಿ?" ಎಂದು ಅವಳನ್ನೇ ಕೇಳಿದ. ತಪ್ಪೇನಿಲ್ಲ, ಅದು ಅವನ ಕೆಲಸ.

ನನ್ನೊಡನೆ ಆಡದ ಮಾತನ್ನು ಅವಳು ಆ ಅಪರಿಚಿತನೊಡನೆ ಆಡಿದಳು. "ನಮ್ಮಣ್ಣ ಕೊಟ್ಟಿದ್ದು ಸ್ವಾಮಿ. ನನಗೆ ಮುಟ್ಟಲಿಲ್ಲ. ಅವನು ತಿಂದ ಅನ್ಕಂಡೆ. ಅವನು ಸತ್ತಾಗ ಮಣ್ಣಿಗೆ ಹೋಗ್ಲಿಲ್ಲ ನಾನು. ಯಾಕೆ ಹಿಂಗಾತು ಅಂತ ಇವರನ್ನ ಕೇಳ್ರಿ, ಇವರು ಓದಿದೋರು."

ಆತ ನನ್ನನ್ನು ಒಮ್ಮೆ ನೋಡಿ, ಬಿಳಿಯ ಹಾಳೆಯೊಂದನ್ನು ನನ್ನ ಕಡೆ ಸರಿಸಿದ. ಜೀವಮಾನವೆಲ್ಲ ಊರಿನ ಜನರ ಅರ್ಜಿಗಳಲ್ಲಿ ತಪ್ಪು ಹುಡುಕಿದವನು ನಾನು. ಪೆನ್ನು ಹಿಡಿದು ಅವಳ ಹೆಸರು ಬರೆದೆ, ಊರು ಬರೆದೆ. ಕಾರಣ ಎಂದು ಬರೆದು, ಮುಂದಿನದಕ್ಕೆ ಬಹಳ ಹೊತ್ತು ತೆಗೆದುಕೊಂಡೆ. ಹಿಂದೆ ನಿಂತವರು ಕೆಮ್ಮಿದರು. ಕೊನೆಗೆ ಒಂದು ಸಾಲು ಬರೆದು ಮುಗಿಸಿದೆ.

"ಏನಂತ ಬರೆದ್ರಿ?" ಎಂದಳು. ಅವಳಿಗೆ ಓದು ಬಾರದು.

ಹುಳ ತಿಂದು ಹಾಳಾಗಿದೆ ಅಂತ, ಎಂದೆ. ಬರೆದದ್ದೂ ಅಷ್ಟೇ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಶಾಯಿಯ ಡಬ್ಬಿಗೆ ಹೆಬ್ಬೆಟ್ಟು ಅದ್ದಿ, ನಾನು ಬರೆದ ಸಾಲಿನ ಕೆಳಗೆ ಒತ್ತಿದಳು.