ಅಜ್ಜಿ ಇನ್ನೂ ಹೇಳಾಕತ್ಯಾಳ

ಗಂಗಾವತಿಯಲ್ಲಿ ನಮ್ಮದೊಂದು ಖಾನಾವಳಿ ಇದೆ. ರೈಸ್ ಮಿಲ್ಲಿನ ಹಮಾಲರು, ಲಾರಿ ಡ್ರೈವರುಗಳು, ಬ್ಯಾಂಕಿನವರು, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಅದನ್ನು ಕಟ್ಟಿ ನಿಲ್ಲಿಸಿದವರು ನನ್ನ ಅತ್ತೆ. ಅವರ ಗಂಟಲು ಎಂಥದ್ದೆಂದರೆ, ಒಲೆಯ ಮುಂದೆ ಕೂತು "ಮೂಲ್ಯಾಗ ಕುಂತವ್ರಿಗೆ ಪಲ್ಯ ನೋಡ್ರಿ" ಎಂದರೆ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡುತ್ತಿದ್ದರು.

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಕೊಪ್ಪಳದ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಸೋತಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ತುಂಡು ತುಂಡಾಗಿ ಬರುತ್ತಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮಾತಾಡ್ಕೋತ ಇದ್ರ ಮಾತು ತಿರುಗಿ ಬರ್ತೈತಿ. ಬ್ಯಾಸತ್ತು ಸುಮ್ಮನಾದ್ರ ಕಷ್ಟ ನೋಡ್ರಿ" ಎಂದಿದ್ದರು.

ಸುಮ್ಮನಾಗಿಸಲು ನಮ್ಮ ಬಳಗ ಸಾಲದೇ? ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಮಾತಾಡಿಸಿಕೊಂಡು ಹೋಗಲು ಬರಲೇಬೇಕು, ಬರದವರನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಬಂದವರು ಬ್ರೆಡ್ಡು, ಎಳನೀರು ಇಟ್ಟು, "ಎಂಥಾ ಗತಿ ಬಂತವ್ವಾ" ಎಂದು ಮೂಗು ಒರೆಸಿಕೊಳ್ಳುತ್ತಾರೆ. ಇದೇ ಕಾಯಿಲೆಯಲ್ಲಿ ಸತ್ತವರ ಸುದ್ದಿಯನ್ನೆಲ್ಲ ದಿಂಬಿನ ಪಕ್ಕದಲ್ಲೇ ಕೂತು ಹೇಳುತ್ತಾರೆ. ಅತ್ತೆ ಬಾಯಿ ತೆರೆದರೆ ಮೊದಲ ಅಕ್ಷರಕ್ಕೇ ಎಲ್ಲರೂ ಮೇಲೆ ಬೀಳುವುದು. "ನೀರು ಬೇಕಂತ." "ಅಲ್ಲ, ನಿದ್ದಿ ಬಂದೈತಂತ." ನನಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಗೋಡೆಯ ಕಡೆ ಹೊರಳಿಬಿಡುತ್ತಿದ್ದರು. ಬರಬರುತ್ತ ಬಾಯಿ ತೆರೆಯುವುದನ್ನೇ ಬಿಟ್ಟರು, ಎಲ್ಲ ಕೈಸನ್ನೆ.

ದೊಡ್ಡವರನ್ನು ತಿದ್ದಲು ಹೋದರೆ ಜಗಳವೇ ಆಗುತ್ತದೆ, ನನ್ನ ನಾಲಿಗೆಯೂ ಅಷ್ಟೇನು ಮೆತ್ತಗಿಲ್ಲ. ನನ್ನ ಇಬ್ಬರು ಮಕ್ಕಳನ್ನಾದರೂ ತಿದ್ದೋಣ ಎಂದುಕೊಂಡೆ. ಮಗಳು ಎರಡನೇ ಕ್ಲಾಸು, ಮಗ ಇನ್ನೂ ಅಂಗನವಾಡಿ. ಅವನಂತೂ ಅಜ್ಜಿಯ ಸೊಟ್ಟ ಬಾಯಿ ನೋಡಿ ಆಟವೆಂದುಕೊಂಡು ತಾನೂ ಬಾಯಿ ಸೊಟ್ಟ ಮಾಡಿ ತೋರಿಸಿದ್ದ. ಇಬ್ಬರನ್ನೂ ಅಡುಗೆಮನೆಗೆ ಕರೆದು ಕೂರಿಸಿಕೊಂಡೆ.

"ಅಜ್ಜಿ ತಲ್ಯಾಗ ಮಾತು ಎಲ್ಲಾ ಅದಾವ. ಬಾಯಿಗೆ ಬರೂದು ತಡ ಆಗಾಕತ್ತೈತಿ, ಅಷ್ಟ."

ಮಗಳು ತಲೆಯಾಡಿಸಿದಳು. ಮಗನಿಗೆ ಏನೂ ತಿಳಿಯಲಿಲ್ಲ. ಆಗ ನನಗೆ ನಮ್ಮ ಖಾನಾವಳಿಯ ಪದ್ಧತಿಯೇ ನೆನಪಾಯಿತು. ನಮ್ಮಲ್ಲಿ ಬಡಿಸುವವರು "ಸಾಕೇನ್ರಿ?" ಎನ್ನಬಾರದು. ತಾವೇ ಅಂದಾಜು ಮಾಡಿ ಹಾಕಲೂಬಾರದು. ರೊಟ್ಟಿ ಕೈಯಲ್ಲಿ ಹಿಡಿದು "ಹಾಕ್ಲ್ಯಾ?" ಎಂದು ಕೇಳಿ, ಉಣ್ಣುವವರ ಬಾಯಿಯ ತುತ್ತು ಇಳಿದು ಉತ್ತರ ಬರುವ ತನಕ ನಿಲ್ಲಬೇಕು. ಮಕ್ಕಳು ಇದನ್ನು ದಿನಾ ನೋಡುತ್ತಾರೆ.

"ಅಜ್ಜಿ ಮುಂದನೂ ಹಂಗ ನಿಲ್ರಿ. ನಗಬ್ಯಾಡ್ರಿ. ಅಜ್ಜಿ ಮಾತು ನೀವು ಆಡಬ್ಯಾಡ್ರಿ" ಎಂದೆ.

"ಭಾಳ ಹೊತ್ತಾದ್ರ?" ಮಗನ ಪ್ರಶ್ನೆ.

"ಭಾಳ ಹೊತ್ತು ನಿಲ್ಲು."

ಮರುದಿನ ಅವನು ಉಪ್ಪಿಟ್ಟಿನ ತಾಟು ಹಿಡಿದು ಮಂಚದ ಮುಂದೆ ಹೋಗಿ "ತಿಂತಿಯೇನಜ್ಜಿ?" ಎಂದ. ಅತ್ತೆ ಕೈಸನ್ನೆ ಮಾಡಿದರು. ಪುಣ್ಯಾತ್ಮ ಜಗ್ಗಲಿಲ್ಲ. ಉಪ್ಪಿಟ್ಟು ಆರಿತು, ಕಾಲು ಬದಲಿಸಿ ಬದಲಿಸಿ ನಿಂತೇ ಇದ್ದ. ಕೊನೆಗೆ ಅತ್ತೆ ರೇಗಿ "ಕೊ... ಡು" ಎಂದರು. ಅವನು ತಾಟು ಅಲ್ಲೇ ಇಟ್ಟು, ಪಂದ್ಯ ಗೆದ್ದವನ ಹಾಗೆ ನನ್ನ ಹತ್ತಿರ ಓಡಿಬಂದ. ಅಂದಿನಿಂದ ಮಕ್ಕಳ ಮುಂದೆ ಒಂದೊಂದು ಮಾತು ಹೊರಡತೊಡಗಿತು. ಆದರೆ ಮಂದಿ ಬಂದರೆ ಮತ್ತೆ ಅದೇ ಮೌನ, ಅದೇ ಗೋಡೆ. ಎಲ್ಲಿ ಹೀಗೇ ಉಳಿದುಬಿಡುತ್ತಾರೋ ಎಂದು ನನಗೆ ಹೆದರಿಕೆ.

ಆಮೇಲೊಂದು ದಿನ ಕಾರಟಗಿಯಿಂದ ಅತ್ತೆಯ ತಂಗಿ ಬಂದರು. ಅಕ್ಕನೆಂದರೆ ಜೀವ, ಆದರೆ ಬಾಯಿಗೆ ಬಿಡುವಿಲ್ಲ.

"ಊಟ ಆತೇನಕ್ಕಾ?" ಎಂದು ಕೇಳಿದವರೇ, "ಎಲ್ಲೀ ಊಟ, ಪಾಪ" ಎಂದು ತಾವೇ ಉತ್ತರ ಕೊಟ್ಟರು.

ಅತ್ತೆಯ ತುಟಿ ಅಲುಗಿತು. "ರೊ..."

"ರೊಟ್ಟಿ ಬೇಕಂತ ನೋಡವ್ವಾ," ಎಂದು ಅವರು ನನ್ನ ಕಡೆ ತಿರುಗಿದರು. "ಹಾಲಾಗ ಹಿಚುಕಿ ಕೊಡು."

ಅತ್ತೆ ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ನನ್ನ ಮಗಳು ಮಂಚದ ಹತ್ತಿರ ಹೋಗಿ ನಿಂತಳು.

"ಸಣ್ಣಜ್ಜಿ, ತಡೀರಿ. ಅಜ್ಜಿ ಇನ್ನೂ ಹೇಳಾಕತ್ಯಾಳ."

ನಮ್ಮ ಮನೆತನದಲ್ಲಿ ಸಣ್ಣವರು ದೊಡ್ಡವರನ್ನು ತಡೆದದ್ದಿಲ್ಲ. ಬೇರೆ ದಿನವಾಗಿದ್ದರೆ ನಾನೇ ಅವಳನ್ನು ಕಣ್ಣು ಬಿಟ್ಟು ಹೆದರಿಸುತ್ತಿದ್ದೆ. ಅಂದು ಮಾತ್ರ, "ಹೌದ್ರಿ ಸಣ್ಣತ್ತಿ, ತಡೀರಿ" ಎಂದೆ. ಅವರು ಬೆಪ್ಪಾಗಿ ಕೂತರು. ಅತ್ತೆ ಕಣ್ಣು ತೆರೆದು ಮೊಮ್ಮಗಳನ್ನು ನೋಡಿದರು, ಆಮೇಲೆ ನನ್ನನ್ನು.

"ರೊಟ್ಟಿ..." ಉಸಿರು ತೆಗೆದುಕೊಂಡರು. "ದಪ್ಪ... ಆಗ್ಯಾವ."

ಅವರು ಆಗಲೇ ಉಂಡಿದ್ದ ಆ ರೊಟ್ಟಿ ನಾನು ಬಡಿದದ್ದು. ಮದುವೆಯಾಗಿ ಬಂದಾಗಿನಿಂದ ಅವರ ಕೈಯಲ್ಲಿ ಬೈಸಿಕೊಂಡೇ ಬೆಳೆದವಳು ನಾನು, ಆದರೆ ಬೈಸಿಕೊಂಡು ಇಷ್ಟು ಸುಖವಾದದ್ದು ಅದೇ ಮೊದಲು. ಬಂದವರ ಮುಂದೆ, ತಮ್ಮ ಬಾಯಿಂದಲೇ, ಪೂರ್ತಿ ಮಾತು. ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕೆ. ಆ ಹುಡುಗಿ ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಎಂದು ಬಜಾರಿನಲ್ಲಿ ನಿಂತು ಕೂಗಿ ಹೇಳಬೇಕೆನಿಸಿತು.

ಅವಳಿಗೆ ಇದಾವುದರ ಪರಿವೆಯೂ ಇರಲಿಲ್ಲ. ಅಜ್ಜಿಯ ಮುಖವನ್ನೇ ನೋಡುತ್ತ ಕೇಳಿದಳು:

"ಮತ್ತೇನರ ಹೇಳೂದೈತೇನಜ್ಜಿ?"

ಅತ್ತೆಯ ತುಟಿ ಮತ್ತೆ ಅಲುಗಿತು.

"ಭಾಳ... ಐತಿ."

ಮಗಳು ಮಂಚದ ಪಕ್ಕ ಚಕ್ಕಳಮಕ್ಕಳ ಹಾಕಿಕೊಂಡು ಕೂತಳು.